ಹೇಸರಗತ್ತೆಯ ಲೆಕ್ಕ

ಬಾ ಕೋಲ್ಬಿ, ಬಾಗಿಲು ಎಳೆದುಕೊ.
ಬ್ಯೂಟ್ ಊರಿನ ಗಾಳಿಗೆ ಜೂನ್ ತಿಂಗಳಲ್ಲೂ ಹಲ್ಲಿದೆ.
ಹೆಲ್ಮೆಟ್ಟು ಆ ಗ್ರೀಸು ಡಬ್ಬದ ಮೇಲಿಡು.
ನೀನೇನೂ ಹೇಳಬೇಡ, ಕ್ಲಚ್ಚಿನ ಸೀದ ವಾಸನೆ ಹೇಳುತ್ತಿದೆ:
ಪೈಪ್‌ಸ್ಟೋನ್ ಏರು, ಹಿಂದೆ ಚಿಕ್ಕಪ್ಪ ಆಲ್ವಿನ್,
ಮುಂದೆ ದಿಮ್ಮಿ ಹೊತ್ತ ಲಾರಿ.
ಮೂರನೇ ಗೇರಿಗಿಳಿದೆ, ಎರಡಕ್ಕಿಳಿದೆ,
ಆಮೇಲೆ ಬೈಗುಳಕ್ಕಿಳಿದಿರುತ್ತೀಯ.

ಮಾರ್ಚಿನಲ್ಲಿ ನೀನು ಕೇಳಿದ್ದು ನೂರು.
ನೂರು ಅಶ್ವಶಕ್ತಿ.
ತೊಂಬತ್ತೊಂಬತ್ತಾದರೆ ಕಾಸು ಬಿಚ್ಚೆನೆಂದೆ.
ಎರಡು ಕ್ಯಾಮ್ ಬೆಂಚಿನ ಮೇಲಿಟ್ಟೆ ನಾನು,
ಒಂದರದು ಗಿಡ್ಡ ಉಬ್ಬು, ಒಂದರದು ಗುಡ್ಡ.
ನಿನ್ನ ಬೆರಳು ನೆಟ್ಟಗೆ ಗುಡ್ಡಕ್ಕೇ ಹೋಯಿತು.
ಹಣ ನಿನ್ನದು, ಸ್ಪ್ಯಾನರ್ ನನ್ನದು. ಹಾಕಿದೆ.

ರೋಲರಿನ ಮೇಲೆ ಗಾಡಿ ಅರಚಿದ ಆ ಮಧ್ಯಾಹ್ನ
ಕಾಗದಕ್ಕೆ ಬಂದವು ಎರಡು ಗೆರೆ.
ನೀನು ನೋಡಿದ್ದು ತುದಿ.
ನಾನು ನೋಡಿದ್ದು ಎರಡೂವರೆ ಸಾವಿರದ ಹತ್ತಿರ
ಟಾರ್ಕಿನ ಗೆರೆಯಲ್ಲಿ ಬಿದ್ದ ಹೊಂಡ.
ಕವಾಟ ಮುಚ್ಚುವುದು ತಡ ಈ ಕ್ಯಾಮಿನಲ್ಲಿ;
ನಿಧಾನವಾಗಿ ಹೋಗುವಾಗ ಸೇದಿದ ಉಸಿರು
ಬಂದ ದಾರಿ ಹಿಡಿದು ವಾಪಸು.
ಬಾಯಿತುಂಬ ಹಾಕಿಕೊಂಡು ಅರ್ಧ ಉಗಿದ ಹಾಗೆ.

ಆ ಎರಡು ಗೆರೆ, ಯಾವ ಗಾಡಿಯದಾದರೂ ಸರಿ,
ಐದು ಸಾವಿರದ ಇನ್ನೂರ ಐವತ್ತೆರಡು ಸುತ್ತಿನಲ್ಲಿ
ಒಂದನ್ನೊಂದು ದಾಟುತ್ತವೆ. ಮಾಯವಲ್ಲ, ಭಾಗಾಕಾರ.
ಅದರಾಚೆ ಕುದುರೆಯ ರಾಜ್ಯ.
ನೀನು ವಾರಕ್ಕೆ ಎಷ್ಟು ಸಲ ಆಚೆ ಹೋಗುತ್ತೀ?
ಎರಡು ಉಸಿರು? ಮೂರು?
ಮಿಕ್ಕಿದ್ದೆಲ್ಲ ಈಚೆಯ ಬದುಕು: ಸಿಗ್ನಲ್ಲು, ಹಾಲಿನಂಗಡಿ,
ಏರು, ಚಿಕ್ಕಪ್ಪ.

ಇನ್ನೊಂದು ಮಾತು. ಅಂದೇ ಹೇಳಬೇಕಿತ್ತು.
ಆ ನೂರು, ತಿದ್ದಿದ ಲೆಕ್ಕ.
ಯಂತ್ರ ಎಲ್ಲರನ್ನೂ ಕಡಲ ದಡದಲ್ಲಿ ನಿಲ್ಲಿಸಿ ಅಳೆಯುತ್ತದೆ.
ಇಲ್ಲಿ ನಾವಿರುವುದು ಮೈಲಿ ಎತ್ತರದ ಬಡಕಲು ಗಾಳಿಯಲ್ಲಿ.
ಈ ಬೀದಿಯಲ್ಲಿ ನಿನ್ನ ನೂರು, ಎಂಬತ್ಮೂರು.
ಉಳಿದ ಹದಿನೇಳು ನೀನು ಕಾಣದ ಸಮುದ್ರದಲ್ಲಿ ಈಜುತ್ತಿವೆ.

ನಮ್ಮಜ್ಜ ಎಯ್ನೋ ಗಣಿಯಲ್ಲಿ ಹೇಸರಗತ್ತೆ ಹೊಡೆಯುತ್ತಿದ್ದ.
ತಾಮ್ರದ ಬಂಡಿ, ನೆಲದಡಿ ಸಾವಿರಾರು ಅಡಿ.
ಹೆಲ್ಮಿ ಅಂತ ಅದರ ಹೆಸರು.
ಕೊಂಡಿ ಬೀಳುವ ಸದ್ದು ಎಣಿಸುತ್ತಿತ್ತಂತೆ:
ಕಟಕ್, ಕಟಕ್, ಆರರ ತನಕ ಕಿವಿ ಮಾತ್ರ ಆಡಿಸುವುದು.
ಏಳನೆಯದು ಬಿತ್ತೋ, ಹೆಜ್ಜೆ ಕೀಳುವುದಿಲ್ಲ.
ಚಾವಟಿಗೂ ಇಲ್ಲ, ಬೆಲ್ಲಕ್ಕೂ ಇಲ್ಲ.
ಆರು ಬಂಡಿ ಕಿತ್ತ ಆ ಮೊದಲ ಹೆಜ್ಜೆ, ಅದು ಟಾರ್ಕ್.
ಹಾಗಂತ ಕುದುರೆ ಸುಳ್ಳು ಅಂದುಕೊಂಡೀಯ.
ಕುದುರೆ ಅಂತ ಬೇರೆ ಪ್ರಾಣಿಯೇ ಇಲ್ಲ ಇಲ್ಲಿ.
ಅದೇ ಹೇಸರಗತ್ತೆ, ಓಡಿದಾಗ.

ನಗಬೇಡ. ನನಗೂ ಇಪ್ಪತ್ತೆರಡಾಗಿತ್ತು.
ನಾನೂ ಗುಡ್ಡವನ್ನೇ ಮುಟ್ಟಿದ್ದೆ.
ಒಂದು ರಾತ್ರಿ, ಖಾಲಿ ಹೆದ್ದಾರಿ, ಐದೂವರೆ ಸಾವಿರ ಸುತ್ತು,
ಎರಡು ಸಿಲಿಂಡರಿನ ಕುಂಟು ಬಡಿತ
ಒಂದೇ ಉದ್ದನೆಯ ಕೂಗಾಗಿ ಬಿಗಿದುಕೊಂಡಿತು.
ಅದಕ್ಕೆ ಬೆಲೆ ಇಲ್ಲ ಅಂತ ನಾನು ಯಾರಿಗೂ ಹೇಳಿಲ್ಲ,
ನಿನಗೂ ಹೇಳುವುದಿಲ್ಲ.

ಗಿಡ್ಡ ಕ್ಯಾಮ್ ಮೇಲಿನ ಹಲಗೆಯಲ್ಲಿದೆ, ನೀಲಿ ಡಬ್ಬ.
ಮೇಲೆ ನಿನ್ನ ಹೆಸರು. ಹೂಂ, ಮಾರ್ಚಿನಲ್ಲೇ ಬರೆದಿದ್ದೆ.
ಫ್ರಿಜ್ಜಿಗೆ ಅಂಟಿಸಿದ ಆ ಕಾಗದ ಇರಲಿ, ಕೀಳಬೇಡ.
ಈಗ ಆ ಟಾರ್ಕ್ ರೆಂಚ್ ಇತ್ತ ಕೊಡು.
ಅದಲ್ಲ, ಪಕ್ಕದ್ದು.
ಬೋಲ್ಟು ನೀನೇ ಬಿಗಿ. ಮೆಲ್ಲಗೆ.
ಕಟಕ್ ಅಂದ ಕೂಡಲೇ
ಕೈ ತೆಗೆ.